ಎರಡು ಊರಿನ ಎಡೆ

ಗವಿಪುರಂ, ಬೆಂಗಳೂರು
20-3-2022

ಯಶು,

ಫೋನಿನಲ್ಲಿ ನೀನು "ಹೂಂ" ಅನ್ನುತ್ತೀಯ, ನಾನು "ಮತ್ತೆ?" ಅನ್ನುತ್ತೇನೆ, ಅಷ್ಟಕ್ಕೇ ಇಬ್ಬರೂ ಫೋನು ಇಟ್ಟುಬಿಡುತ್ತೇವೆ. ಅದಕ್ಕೇ ಈ ಕಾಗದ. ಬರೆದದ್ದನ್ನು ಫೋಟೋ ತೆಗೆದು ವಾಟ್ಸಾಪಿಗೆ ಹಾಕುತ್ತೇನೆ. ನೀನೂ ಪೇಪರಿನಲ್ಲೇ ಬರೆದು ಕಳಿಸು. ಅಕ್ಷರ ನೋಡಿದರೆ ನೀನು ಊಟ ಮಾಡಿದ್ದೀಯೋ ಇಲ್ಲವೋ ನನಗೆ ಗೊತ್ತಾಗುತ್ತದೆ.

ಪ್ರಸನ್ನ ಬಂದ ದಿನ ನಾನು ಏರ್‌ಪೋರ್ಟಿಗೆ ಹೋಗಿದ್ದೆ, ಅದು ನಿನಗೆ ಗೊತ್ತಿಲ್ಲ. ಯುದ್ಧ ಶುರುವಾಯಿತಲ್ಲ, ಒಡೆಸ್ಸಾದಲ್ಲಿ ನಿನ್ನ ಜೊತೆ ಡಾಕ್ಟರ್ ಓದುತ್ತಿದ್ದ ಹುಡುಗರನ್ನೆಲ್ಲ ಒಟ್ಟಿಗೆ ಕರೆತರುತ್ತಾರೆ ಎಂದು ಟೀವಿಯಲ್ಲಿ ಹೇಳಿದ್ದರು. ನಿನ್ನ ವಿಶಾಲತ್ತೆ ಬೆಳಗ್ಗೆಯೇ ಮಾರ್ಕೆಟ್ಟಿಗೆ ಹೋಗಿ ಸೇವಂತಿಗೆ ಹಾರ ತಂದುಕೊಟ್ಟಿದ್ದಳು. ಪ್ರಸನ್ನ ನಿನ್ನ ನೀಲಿ ಸೂಟ್‌ಕೇಸ್ ತಳ್ಳಿಕೊಂಡು ಬಂದ. ಸೂಟ್‌ಕೇಸ್ ಕಂಡ ಮೇಲೆ ನೀನು ಹಿಂದೆಯೇ ಇರುತ್ತೀಯ ಅಂದುಕೊಂಡು ಅವನ ಭುಜದ ಆಚೆ ನೋಡುತ್ತಲೇ ನಿಂತೆ. "ಅಂಕಲ್, ಅವ್ಳು ಮಾಲ್ಡೋವಾದಲ್ಲೇ ಇಳ್ಕೊಂಡ್ಲು" ಅಂದ, ಚಾಮರಾಜಪೇಟೆ ಸ್ಟಾಪಿನಲ್ಲಿ ಇಳಿದವಳ ಬಗ್ಗೆ ಹೇಳಿದ ಹಾಗೆ. ಹಾರವನ್ನು ಅವನಿಗೇ ಹಾಕಿದೆ. ಅವನ ತಾಯಿಯೂ ಒಂದು ತಂದಿದ್ದರು. ಎರಡು ಹಾರ ಹಾಕಿಕೊಂಡು ಹುಡುಗ ಮದುವೆ ಗಂಡಿನ ಹಾಗೆ ನಾಚಿಕೊಂಡು ನಿಂತಿದ್ದ.

ಮನೆಗೆ ಬಂದು ಮಾಲ್ಡೋವಾ ಎಲ್ಲಿದೆ ಎಂದು ಅಟ್ಲಾಸಿನಲ್ಲಿ ಹುಡುಕಿದೆ. ಅದು ನಾನು ಈವ್ನಿಂಗ್ ಕಾಲೇಜಿನಲ್ಲಿ ಬಿ.ಎ. ಓದುತ್ತಿದ್ದಾಗಿನ ಅಟ್ಲಾಸ್. ಅದರಲ್ಲಿ ಆ ದೇಶವೇ ಇಲ್ಲ, ಅಲ್ಲೆಲ್ಲ ರಷ್ಯಾದ ಬಣ್ಣ ಬಳಿದಿದೆ. ಇಲ್ಲದ ದೇಶದಲ್ಲಿ ಮಗಳಿದ್ದಾಳೆ ಎಂದು ಹೇಗೆ ನಂಬುವುದು ಹೇಳು.

ಈಗ ಮುಖ್ಯ ವಿಷಯ. ಬರುವ ಮೇ ತಿಂಗಳಿಗೆ ನಿನ್ನಮ್ಮ ಹೋಗಿ ವರ್ಷ ತುಂಬುತ್ತದೆ. ಕೊರೋನಾ ಕಾಲ, ವಿಮಾನ ಇರಲಿಲ್ಲ, ನೀನು ಬರುವ ಹಾಗಿರಲಿಲ್ಲ. ಅದರ ಮಾತು ಬೇಡ. ಆದರೆ ವರ್ಷ ತುಂಬಿದ ಮೇಲೆ ಪಿತೃಪಕ್ಷದಲ್ಲಿ ಎಡೆ ಇಟ್ಟು ಅವಳನ್ನು ಹಿರಿಯರ ಜೊತೆ ಸೇರಿಸಬೇಕಲ್ಲ. ಅಲ್ಲಿಯವರೆಗೆ ಅವಳು ನಮ್ಮಪ್ಪ, ನಮ್ಮವ್ವ ಇರುವ ಸಾಲಿಗೆ ಬರುವಂತಿಲ್ಲ, ಹೊರಗೇ ನಿಂತಿರುತ್ತಾಳೆ. ಸೆಪ್ಟೆಂಬರಿನಲ್ಲಿ ಮಹಾಲಯ ಅಮಾವಾಸ್ಯೆ. ಅಷ್ಟರೊಳಗೆ ಬಾ. ಇರುವ ಒಬ್ಬಳು ಮಗಳನ್ನು ಬಿಟ್ಟು ನಾನು ಎಡೆ ಇಡುವುದಿಲ್ಲ. ದಿಸ್ ಈಸ್ ಫೈನಲ್.

ಕಾದಿರುವ ಅಪ್ಪ,
ಓಬಳಪ್ಪ

*

ಕಿಶಿನೌ, ಮಾಲ್ಡೋವಾ
3-4-2022

ಅಪ್ಪ,

ಊಟ ಮಾಡಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಅದು ಪೆನ್ನಿನ ತಪ್ಪು.

ಏರ್‌ಪೋರ್ಟಿನ ವಿಷಯ ಪ್ರಸನ್ನ ಹೇಳಿರಲಿಲ್ಲ. ಹೇಳಿದ್ದರೆ ಏನು ಮಾಡುತ್ತಿದ್ದೆನೋ ಗೊತ್ತಿಲ್ಲ.

ಆ ದಿನ ಗಡಿ ದಾಟಿದ ತಕ್ಷಣ ಒಬ್ಬ ಅಜ್ಜಿ ನನ್ನ ಕೈಯಲ್ಲಿ ಬಿಸಿಬಿಸಿ ಪ್ಲಾಚಿಂತಾ ಇಟ್ಟಳು. ನಮ್ಮ ಒಬ್ಬಟ್ಟಿನ ಥರ, ಒಳಗೆ ಮಾತ್ರ ಆಲೂಗಡ್ಡೆ. ದುಡ್ಡು ಕೊಡಲು ಹೋದರೆ ಬೈದಳು. ನಮ್ಮ ಬಸ್ಸು ರುಮೇನಿಯಾಕ್ಕೆ ಹೊರಡುವುದರಲ್ಲಿತ್ತು. ಪಕ್ಕದ ಟೆಂಟಿನಲ್ಲಿ ಫ್ರಾನ್ಸಿನಿಂದ ಬಂದ ಡಾಕ್ಟರ್ ಒಬ್ಬರು ಇಂಗ್ಲಿಷಿನಲ್ಲಿ ಏನೋ ಕೇಳುತ್ತಿದ್ದರು. ಎದುರಿಗಿದ್ದ ಹೆಂಗಸಿಗೆ ರಷ್ಯನ್ ಬಿಟ್ಟರೆ ಬೇರೆ ಬರದು. ಯಾವ ಮಾತ್ರೆ ತೆಗೆದುಕೊಳ್ಳುತ್ತಾಳೆ ಎಂದು ಕೇಳಿ ಹೇಳಿದೆ. ಆಮೇಲೆ ಅವಳು ನನ್ನ ಕಡೆಗೇ ತಿರುಗಿ, ತಾಯಿಯನ್ನು ಬಿಟ್ಟು ಬಂದೆ, ಅವಳು ಮೆಟ್ಟಿಲು ಇಳಿಯಲಾರಳು, ಅಂದಳು. ಅದನ್ನು ಡಾಕ್ಟರಿಗೆ ಅನುವಾದ ಮಾಡಲಿಲ್ಲ. ಅಷ್ಟರಲ್ಲಿ ಇನ್ನೊಬ್ಬರು ಬಂದರು. ಪ್ರಸನ್ನ ಎರಡು ಸಲ ಕೂಗಿದ. ಕೇಳಿಸಿತು.

ಈಗ ಅದೇ ಕೆಲಸ. ಈ ದೇಶದ ಜನರನ್ನೆಲ್ಲ ಸೇರಿಸಿದರೂ ಬೆಂಗಳೂರಿನ ಒಂದು ಮೂಲೆ ತುಂಬುವುದಿಲ್ಲ ಅಪ್ಪ. ಶ್ರೀಮಂತರೂ ಅಲ್ಲ. ಮನೆಗೊಬ್ಬರು ಇಟಲಿಗೋ ಎಲ್ಲಿಗೋ ದುಡಿಯಲು ಹೋಗಿದ್ದಾರೆ. ಹೋದವರ ಹಾಸಿಗೆ ಖಾಲಿ ಇದೆಯಲ್ಲ, ಬಂದವರನ್ನು ಅದರಲ್ಲಿ ಮಲಗಿಸುತ್ತಿದ್ದಾರೆ. ನಾನಿರುವುದೂ ಹಾಗೆ ಒಂದು ಮನೆಯಲ್ಲಿ. ವಲೆಂತೀನಾ ಆಂಟಿ ಸ್ಕೂಲಿನಲ್ಲಿ ಅಡುಗೆ ಮಾಡುತ್ತಿದ್ದವರು. ಮಗ ಇಟಲಿಯಲ್ಲಿ ಲಾರಿ ಓಡಿಸುತ್ತಾನೆ. ನಾನು ಅವನ ಹಾಸಿಗೆಯಲ್ಲಿದ್ದೇನೆ, ಹಾಲ್‌ನಲ್ಲಿ ಒಡೆಸ್ಸಾದ ತಾಯಿ ಮತ್ತು ಇಬ್ಬರು ಮಕ್ಕಳು. ಆಂಟಿ ಅಡುಗೆಮನೆಯ ಬೆಂಚಿನ ಮೇಲೆ.

ಸೆಪ್ಟೆಂಬರ್ ದೂರ ಇದೆ. ನೋಡೋಣ.

ಯಶು

*

ಗವಿಪುರಂ
17-4-2022

ಯಶು,

ವಿತ್ ರೆಫರೆನ್ಸ್ ಟು ಯುವರ್ ಲೆಟರ್ ಎಂದು ಶುರು ಮಾಡಬೇಕು, ಹಾಗೆಂದು ನಮ್ಮ ಇಂಗ್ಲಿಷ್ ಲೆಕ್ಚರರ್ ಹೇಳಿಕೊಟ್ಟಿದ್ದರು. ಅದರ ಮುಂದಿನದು ಮರೆತಿದೆ. ಇರಲಿ.

"ನೋಡೋಣ" ಎನ್ನುವ ಮಾತು ನನಗೆ ಹಿಡಿಸಲಿಲ್ಲ. ಚಿಕ್ಕಪೇಟೆಯ ಸೀರೆ ಅಂಗಡಿಯಲ್ಲಿ ಜೀವಮಾನವೆಲ್ಲ ಕೂತವನು ನಾನು. ಗಿರಾಕಿ "ನೋಡೋಣ" ಅಂದರೆ ಬರುವುದಿಲ್ಲ ಎಂದು ಅರ್ಥ. ನೆವರ್‌ದಿಲೆಸ್, ನೀನು ಮಾಡುತ್ತಿರುವುದು ಒಳ್ಳೆಯ ಕೆಲಸ. ಕೆಳಮನೆಯ ನರಸಿಂಹಯ್ಯನವರಿಗೆ ನಿನ್ನ ಕಾಗದ ಓದಿ ಹೇಳಿದೆ. "ನಮ್ಮನೇಲಿ ಅಳಿಯ ಬಂದ್ರೆ ಒಂದು ರೂಮ್ ಬಿಟ್ಕೊಡೋಕೆ ಮೀನಮೇಷ ಎಣಿಸ್ತೀವಿ" ಅಂದರು. ಅವರ ಹೆಂಡತಿ ಒಳಗಿನಿಂದ ಕೆಮ್ಮಿದರು.

ನಿನ್ನ ಹಾಸಿಗೆಯ ಮೇಲೆ ಈಗ ಯಾರೂ ಮಲಗುವುದಿಲ್ಲ. ಒಗೆದ ಬಟ್ಟೆ ಹಾಕುತ್ತೇನೆ, ಮಡಿಚುವುದಿಲ್ಲ. ಒಂದು ರಾಶಿಯಾಗಿದೆ. ಬಾಗಿಲಿನಿಂದ ನೋಡಿದರೆ ಯಾರೋ ಮಗ್ಗುಲಾಗಿ ಮಲಗಿದ ಹಾಗೆ ಕಾಣುತ್ತದೆ.

ಆಂಟಿಗೆ ನನ್ನ ನಮಸ್ಕಾರ ಹೇಳು. ಬೆಂಚಿನ ಮೇಲೆ ಮಲಗಿದರೆ ಸೊಂಟ ಹಿಡಿಯುತ್ತದೆ, ಕೆಳಗೆ ದಪ್ಪಗೆ ಏನಾದರೂ ಹಾಸಿಕೊಳ್ಳಲಿ.

ಅಪ್ಪ

*

ಕಿಶಿನೌ
4-5-2022

ಅಪ್ಪ,

ಇಲ್ಲಿ ಈಸ್ಟರ್ ಆದ ಮುಂದಿನ ವಾರ ಸತ್ತವರಿಗೆ ಒಂದು ಹಬ್ಬ ಮಾಡುತ್ತಾರೆ. ಊರಿಗೆ ಊರೇ ಸಮಾಧಿಗಳ ಹತ್ತಿರ ಹೋಗುತ್ತದೆ. ಸಮಾಧಿ ಪಕ್ಕ ಮೇಜು ಹಾಕಿ, ಬಟ್ಟೆ ಹಾಸಿ, ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಇಡುತ್ತಾರೆ, ವೈನು ಕೂಡ. ನಮ್ಮಜ್ಜನ ಎಡೆಗೆ ನೀವು ಕ್ವಾರ್ಟರ್ ಬಾಟ್ಲಿ ಇಡುವುದನ್ನು ಹೇಳಿದೆ. ವಲೆಂತೀನಾ ಆಂಟಿ, ಹಾಗಾದರೆ ನೀವೂ ನಮ್ಮವರೇ ಅಂದರು.

ಒಂದೇ ವ್ಯತ್ಯಾಸ. ಹಿರಿಯರು ಬಂದು ಉಣ್ಣಲಿ ಎಂದು ಇವರು ನಮ್ಮ ಹಾಗೆ ಬಾಗಿಲು ಹಾಕಿ ಹೊರಗೆ ಕಾಯುವುದಿಲ್ಲ. ಸತ್ತವರ ಹೆಸರು ಹೇಳಿ, ಹೊಸ ಕಪ್ಪು, ಹೊಸ ಟವೆಲ್, ಊಟ ಎಲ್ಲವನ್ನೂ ಬದುಕಿರುವ ಒಬ್ಬರ ಕೈಗೆ ಕೊಡುತ್ತಾರೆ. ಅವರು ಉಂಡರೆ ಸತ್ತವರು ಉಂಡ ಹಾಗೆ. ಈ ಸಲ ಇಡೀ ಊರು ಕೊಟ್ಟಿದ್ದು ಗಡಿ ದಾಟಿ ಬಂದವರಿಗೇ.

ಹಿಂದಿನ ಸಂಜೆ ಆಂಟಿ ನನಗೂ ಒಂದು ಕಪ್ಪು, ಒಂದು ಟವೆಲ್ ತಂದಿಟ್ಟು, ನಿನ್ನ ತಾಯಿಯದು ಅಂದರು. ನಾನು ಕೈಮಾ ಉಂಡೆ ಸಾರು ಮಾಡಿದೆ. ತೆಂಗಿನಕಾಯಿ ಸಿಗಲಿಲ್ಲ, ಇಲ್ಲಿಯ ಆಕ್ರೋಟು ಅರೆದು ಹಾಕಿದೆ. ಮೈಕೊಲೈವ್ ಎಂಬ ಊರಿನಿಂದ ಬಂದ ಒಬ್ಬ ತಾತನಿಗೆ ಕೊಟ್ಟೆ. ಖಾರಕ್ಕೆ ಕಣ್ಣಲ್ಲಿ ನೀರು ಬಂದರೂ ಬಿಡಲಿಲ್ಲ, ಬ್ರೆಡ್ಡಿನಲ್ಲಿ ತಟ್ಟೆ ಒರೆಸಿ ತಿಂದ. ಅಮ್ಮನ ಹೆಸರೇನು ಎಂದು ಕೇಳಿದ. ಹೇಳಿದೆ. "ಸಿದಮ್ಮಾ" ಅಂದ, ಎರಡು ಸಲ, ಸರಿಯಾಗಿ ಬರಲಿ ಎಂದು.

ಅಪ್ಪ, ಅಮ್ಮನ ಹೆಸರನ್ನು ಯಾರ ಬಾಯಲ್ಲಾದರೂ ಕೇಳಿ ಎಷ್ಟು ದಿನವಾಗಿತ್ತು.

ಯಶು

*

ಗವಿಪುರಂ
8-5-2022

ಯಶಶ್ರೀಗೆ,

ಕಾಗದ ಓದಿದೆ. ಅತ್ತೆಗೆ ಓದಿ ಹೇಳಲಿಲ್ಲ.

ಎಡೆ ಅಂದರೆ ಕರೆಯುವುದು. ಊಟ ಬಡಿಸಿ, ಹೆಸರು ಹಿಡಿದು, ಬಾ ಎಂದು ಕರೆಯುವುದು. ಮೊದಲನೇ ಸಲ ಮನೆಯಲ್ಲಿ ಕರೆಯಬೇಕು, ವರ್ಷ ತುಂಬಿದ ಮೇಲೆ ಕರೆಯಬೇಕು. ಇನ್ನೂ ವರ್ಷ ತುಂಬಿಲ್ಲ, ನೀನು ಅಲ್ಲಿ ಕರೆದುಬಿಟ್ಟೆ. ನನ್ನನ್ನು ಒಂದು ಮಾತು ಕೇಳಲಿಲ್ಲ.

ಅವಳು ಈಗ ಎಲ್ಲಿಗೆ ಬರಬೇಕು? ಬನಶಂಕರಿಗೆ ಹೋಗಲು ಬಸ್ಸು ಬದಲಾಯಿಸಬೇಕು ಅಂದರೆ ಗಾಬರಿ ಬೀಳುತ್ತಿದ್ದವಳು. ಆ ಭಾಷೆ ಬಾರದ ಊರಿಗೆ ಕರೆಸಿಕೊಂಡು, ಬೇರೆಯವರ ತಟ್ಟೆಯಲ್ಲಿ ಊಟ ಹಾಕಿ, ಆಮೇಲೆ ಯಾವ ದಾರಿಯಲ್ಲಿ ಮನೆಗೆ ಕಳಿಸಿದೆ?

ನಾನು ಸೆಪ್ಟೆಂಬರ್ ಎಂದು ಕಾಯುತ್ತಾ ಕೂತಿದ್ದೇನೆ. ಆಕ್ರೋಟಂತೆ.

ಓಬಳಪ್ಪ

*

ಕಿಶಿನೌ
19-6-2022

ಅಪ್ಪ,

ನೀವು ಬರೆಯುತ್ತಿಲ್ಲ. ಫೋನ್ ಮಾಡಿದರೆ "ಆರಾಮಾಗಿದೀನಿ" ಎಂದು ಇಟ್ಟುಬಿಡುತ್ತೀರಿ. ವರ್ಷದ ದಿನ ಮಾಡಿದಾಗಲೂ ಅಷ್ಟೇ ಅಂದಿರಿ. ಹಿಂದೆ ಅತ್ತೆಯ ಅಳು ಕೇಳಿಸುತ್ತಿತ್ತು.

ನಾನು ಅಮ್ಮನನ್ನು ಕರೆಯಬೇಕು ಎಂದು ಮಾಡಿದ್ದಲ್ಲ. ಅವಳಿಗೆ ಊಟ ಹಾಕಬೇಕು ಅನ್ನಿಸಿತು, ಅಷ್ಟೇ. ನೀವು ಅವಳ ಆಸ್ಪತ್ರೆಯ ಗೇಟಿನ ತನಕವಾದರೂ ಗಂಜಿ ತೆಗೆದುಕೊಂಡು ಹೋದಿರಿ. ನಾನು ಒಡೆಸ್ಸಾದ ಹಾಸ್ಟೆಲಿನಲ್ಲಿ ಫೋನ್ ಹಿಡಿದುಕೊಂಡು ಕೂತಿದ್ದೆ.

ಇಲ್ಲಿ ದಿನಾ ಯಾರಾದರೂ ಒಬ್ಬರು ಬಿಟ್ಟುಬಂದವರ ಹೆಸರು ಹೇಳುತ್ತಾರೆ. ಡಾಕ್ಟರ್‌ಗಳು ಬಿ.ಪಿ. ನೋಡುತ್ತಾರೆ, ನಾನು ಹೆಸರು ಕೇಳುತ್ತೇನೆ. ಇದಕ್ಕೆ ಓದು ಬೇಕಿಲ್ಲ. ಆದರೂ ಯಾರೋ ಒಬ್ಬರು ಇರಬೇಕು.

ಇಷ್ಟು ಹೇಳಿಯೂ ಹೇಳುತ್ತೇನೆ, ನೀವು ಹೇಳಿದ್ದು ಸರಿ. ಮನೆಯಲ್ಲಿ ಕರೆಯಬೇಕು, ನಾನೂ ಇರಬೇಕು. ಅಮ್ಮ ಹೊರಗೆ ನಿಂತಿರುವುದು ನನ್ನಿಂದ ಆಗಬಾರದು. ಸೆಪ್ಟೆಂಬರಿಗೆ ಬರುತ್ತೇನೆ. ಇದು ಗಿರಾಕಿ ಮಾತಲ್ಲ.

ಯಶು

*

ಗವಿಪುರಂ
3-7-2022

ನನ್ನ ಯಶು,

ಐ ಆಮ್ ವೆರಿ ಮಚ್ ಪ್ಲೀಸ್ಡ್ ಟು. ಟು ಏನೋ ಇದೆ. ಪ್ಲೀಸ್ಡ್ ಅಷ್ಟೇ ಸಾಕು.

ಅತ್ತೆಗೆ ಹೇಳಿದೆ. ಸುದ್ದಿ ಕೇಳಿ ಮೊದಲು ಮಾಡಿದ ಕೆಲಸ, ನಿನ್ನ ಹಾಸಿಗೆಯ ಮೇಲಿನ ಬಟ್ಟೆ ರಾಶಿ ಎತ್ತಿ ನನ್ನ ಹಾಸಿಗೆಯ ಮೇಲೆ ಹಾಕಿದ್ದು. "ಮಗು ಬಂದು ಎಲ್ ಮಲ್ಗತ್ತೋ, ನಿನ್ ಪಂಚೆ ಮೇಲಾ?" ಅಂದಳು. ನನಗಿಂತ ಐದು ವರ್ಷ ದೊಡ್ಡವಳು, ಇನ್ನೂ ನನ್ನನ್ನು ಸ್ಕೂಲಿಗೆ ಕಳಿಸುವ ಹಾಗೆ ಮಾತಾಡುತ್ತಾಳೆ.

ಎಡೆಗೆ ಹೊಸ ಸೀರೆ ಇಡಬೇಕಲ್ಲ, ಹಳೇ ಅಂಗಡಿಗೆ ಹೋಗಿದ್ದೆ. ಮೆಟ್ರೋ ಇಳಿದರೆ ಚಿಕ್ಕಪೇಟೆ ಯಾವ ಕಡೆ ಎಂದು ನನಗೇ ದಿಕ್ಕು ತಪ್ಪುತ್ತದೆ, ಭೂಮಿಯೊಳಗಿಂದ ಎದ್ದ ಹಾಗೆ. ಅಂಗಡಿಯಲ್ಲಿ ಈಗ ಮುನಿರಾಮಪ್ಪನೇ ಹಿರಿಯ. "ಯಾರಿಗ್ ಸಾರ್, ಮಗಳಿಗಾ?" ಅಂದ. "ಹೆಂಡ್ತಿಗೆ" ಅಂದೆ. ಅವನು ಅವಳ ಮಣ್ಣಿಗೆ ಬಂದಿದ್ದವನು, ಎಲ್ಲ ಗೊತ್ತು. ಆದರೂ ಮಾಮೂಲಿನಂತೆ ಒಂದೊಂದೇ ಬಿಚ್ಚಿ ಹಾಸಿದ. ಬಣ್ಣ ಹೋಗಲ್ಲ ಸಾರ್, ಒಗೆದ್ರೂ ಹೀಗೇ ಇರತ್ತೆ ಅಂದ. ಆಮೇಲೆ ತಾನು ಹೇಳಿದ್ದು ತನಗೇ ಕೇಳಿಸಿ ತಲೆ ತಗ್ಗಿಸಿದ. ನಾನು ಹಸಿರು ಬಣ್ಣದ್ದು ಆರಿಸಿದೆ. ಹೆಚ್ಚು ಹೊತ್ತು ಆರಿಸಿದೆ. ಅವಳ ಜೊತೆ ಹೋದಾಗ ಯಾವತ್ತೂ ಅಷ್ಟು ಹೊತ್ತು ನಿಂತವನಲ್ಲ.

ನೀನು ಬಂದು ಕಜ್ಜಾಯ ಮಾಡಬೇಕು. ಅತ್ತೆಯ ಕಜ್ಜಾಯ ಗಟ್ಟಿ, ಹಿರಿಯರಿಗೆ ಹಲ್ಲಿಲ್ಲ.

ದಿನ ಎಣಿಸುತ್ತಿರುವ
ಅಪ್ಪ

*

ಕಿಶಿನೌ
30-8-2022

ಅಪ್ಪ,

ಟಿಕೆಟ್ ಆಯಿತು. ಅಮಾವಾಸ್ಯೆಗೆ ಎರಡು ದಿನ ಮುಂಚೆ ಬೆಂಗಳೂರಿನಲ್ಲಿರುತ್ತೇನೆ. ಹಾರ ತರಬೇಡಿ.

ಇಲ್ಲಿಯ ಸುದ್ದಿ ಬೇರೆ ಏನಿಲ್ಲ. ಈ ದೇಶದವರು ಯುದ್ಧದಿಂದ ಓದು ನಿಂತವರನ್ನು ತಮ್ಮ ಮೆಡಿಕಲ್ ಯೂನಿವರ್ಸಿಟಿಗೆ ಸೇರಿಸಿಕೊಳ್ಳುತ್ತಿದ್ದಾರೆ. ನನ್ನ ಹೆಸರೂ ಬಂದಿದೆ, ಕೊನೇ ವರ್ಷ. ಇರುವುದಕ್ಕೆ ಪರ್ಮಿಟ್ ಕಾರ್ಡಿಗೂ ಅರ್ಜಿ ಹಾಕಿದ್ದೆ. ಕಾರ್ಡು ಅಕ್ಟೋಬರಿನಲ್ಲಿ ಬರುತ್ತದಂತೆ, ಅಲ್ಲಿಯವರೆಗೆ ಹೊರಗೆ ಹೋಗುವ ಹಾಗಿಲ್ಲವಂತೆ. ಅದು ಆಮೇಲಿನ ಮಾತು. ಅಮ್ಮನ ಕೆಲಸ ಮೊದಲು.

ಚಳಿಗಾಲಕ್ಕೆ ಗ್ಯಾಸು ಸಿಗುತ್ತದೋ ಇಲ್ಲವೋ ಎಂದು ಎಲ್ಲರಿಗೂ ಭಯ. ಆಂಟಿ ಈಗಿನಿಂದಲೇ ಸೌದೆ ಪೇರಿಸುತ್ತಿದ್ದಾರೆ. ನಾನು ಹೋಗುತ್ತೇನೆ ಅಂದೆ. ನನ್ನ ಹಾಸಿಗೆಗೆ ದಪ್ಪ ರಗ್ಗು ತಂದಿದ್ದರು, ಅದನ್ನು ಮಡಿಚಿ ಬೀರುವಿನ ಮೇಲಿಟ್ಟರು.

ನಿಮಗೆ ಏನು ತರಲಿ?

ಯಶು

*

ಗವಿಪುರಂ
12-9-2022

ಯಶು,

ಕೂತುಕೊಂಡು ಓದು.

ನಿನ್ನ ಕಾಗದವನ್ನು ಪ್ರಸನ್ನನಿಗೆ ತೋರಿಸಿದೆ. ಕಾರ್ಡಿನ ವಿಷಯ ನನಗೆ ತಿಳಿಯಲಿಲ್ಲ. ಅವನು ಓದಿ ತಲೆ ಕೆರೆದುಕೊಂಡ. "ಅಂಕಲ್, ಈಗ ಆ ದೇಶ ಬಿಟ್ರೆ ಅರ್ಜಿ ಹೋಯ್ತು, ಸೀಟೂ ಹೋಯ್ತು. ಅವ್ಳಿಗೆ ಗೊತ್ತು. ನನ್ನ ನೋಡಿ, ಬಂದಾಗಿಂದ ಮನೇಲೇ ಕೂತಿದೀನಿ. ಇಲ್ಲಿ ಯಾವ ಕಾಲೇಜಲ್ಲೂ ತಗೊಳ್ತಿಲ್ಲ." ಹೇಳಿದ್ದು ನನಗೆ, ನೋಡುತ್ತಿದ್ದದ್ದು ಗೋಡೆಯನ್ನು.

ನೀನು ಅದನ್ನು "ಆಮೇಲಿನ ಮಾತು" ಎಂದು ಬರೆದೆ. ನಾನು ಬರಬೇಡ ಅಂದರೂ ನೀನು ಕೇಳುವವಳಲ್ಲ. ಅಮ್ಮ ಹೊರಗೆ ನಿಂತಿದ್ದಾಳೆ ಎಂದು ಬಂದೇ ಬರುತ್ತೀಯ.

ಪಕ್ಷ ಶನಿವಾರ ಶುರುವಾಯಿತು. ಎಡೆಯನ್ನು ಅಮಾವಾಸ್ಯೆಗೇ ಇಡಬೇಕು ಎಂದೇನಿಲ್ಲ, ಪಕ್ಷದ ಯಾವ ದಿನವಾದರೂ ಸಲ್ಲುತ್ತದೆ. ನಿನ್ನೆ ಭಾನುವಾರ ಇಟ್ಟುಬಿಟ್ಟೆ.

ಅತ್ತೆ ರಂಪ ಮಾಡಿದಳು. "ಮಗು ಟಿಕೆಟ್ ತಗೊಂಡು ಕೂತಿದೆ, ಇನ್ನೆರಡು ವಾರ ತಡ್ಕೊಳೋಕೆ ಆಗಲ್ವೇನೋ ನಿಂಗೆ?"

"ಎರಡು ವಾರ ತಡ್ಕೊಂಡ್ರೆ ಅವಳು ಬಂದ್ಬಿಡ್ತಾಳೆ ಅಕ್ಕ" ಅಂದೆ.

ಅಕ್ಕ ಎದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಕಾಯಿ ತುರಿಯಲು ಕೂತಳು.

ಮುದ್ದೆ, ಕೈಮಾ ಉಂಡೆ ಸಾರು, ಬೋಟಿ ಗೊಜ್ಜು, ವಡೆ, ಕಜ್ಜಾಯ. ಅಜ್ಜನಿಗೆ ಅವನ ಕ್ವಾರ್ಟರು. ನಿನ್ನಮ್ಮನಿಗೆ ಹಸಿರು ಸೀರೆ, ಬಳೆ, ಹೂವು. ಎಲೆಯನ್ನು ಬೇರೆ ಕಡೆ ಹಾಕಲಿಲ್ಲ, ಅವರೆಲ್ಲರ ಪಕ್ಕದಲ್ಲೇ ಹಾಕಿದೆ. ಧೂಪ ಹಾಕಿ ಹೆಸರು ಹೇಳಿ ಕರೆದೆ. ನೀನು ಕರೆಯಬೇಕಾದದ್ದನ್ನೂ ನಾನೇ ಕರೆದೆ, ಯಶಶ್ರೀ ಕರೀತಿದಾಳೆ ಬಾ ಅಂದೆ. ಬಾಗಿಲು ಹಾಕಿ ಅತ್ತೆಯೂ ನಾನೂ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆವು.

ಅವಳು ಸೇರಿದಳು. ಇನ್ನು ನೀನು ಬರಲು ಕಾರಣ ಇಲ್ಲ. ಟಿಕೆಟ್ ಕ್ಯಾನ್ಸಲ್ ಮಾಡಿಸು. ಆ ರಗ್ಗನ್ನು ಕೆಳಗಿಳಿಸಿಕೊಂಡು ಹೊದ್ದುಕೋ.

ಅಪ್ಪ

*

ಕಿಶಿನೌ
15-9-2022

ಅಪ್ಪ,

ಕ್ಯಾನ್ಸಲ್ ಮಾಡಿಸಿದೆ. ಮೂರು ದಿನ ನಿಮ್ಮ ಮೇಲೆ ಸಿಟ್ಟಿತ್ತು. ಈಗಲೂ ಇದೆ. ನನ್ನನ್ನು ಬಿಟ್ಟು ಮಾಡಿದಿರಿ. ನಿಮ್ಮ ಮೇ ತಿಂಗಳ ಕಾಗದವನ್ನು ಮತ್ತೆ ತೆಗೆದು ಓದಿದೆ. ಒಂದು ಮಾತು ಕೇಳದೆ ಕರೆದುಬಿಟ್ಟರೆ ಹೇಗಿರುತ್ತದೆ ಎಂದು ಈಗ ಅರ್ಥವಾಯಿತು.

ನಿನ್ನೆ ಕ್ಲಾಸಿಗೆ ಹೋಗಿ ಬಂದೆ. ಮಧ್ಯಾಹ್ನದಿಂದ ಟೆಂಟು.

ಬಾಗಿಲು ಹಾಕಿ ಹೊರಗೆ ಬಂದೆವು ಎಂದು ಬರೆದಿರಿ. ತೆಗೆದದ್ದನ್ನು ಬರೆಯಲೇ ಇಲ್ಲ. ನಾನು ಅಲ್ಲಿದ್ದಿದ್ದರೆ ನಾನೇ ಮೊದಲು ಒಳಗೆ ಹೋಗಿ ನೋಡುತ್ತಿದ್ದೆ.

ಒಳಗೆ ಹೇಗಿತ್ತು ಅಪ್ಪ?

ಯಶು

*

ಗವಿಪುರಂ
16-9-2022

ಯಶು,

ಅದನ್ನು ಬೇಕೆಂದೇ ಬಿಟ್ಟಿದ್ದೆ. ಕೇಳಿದ್ದೀಯ, ಬರೆಯುತ್ತೇನೆ.

ಅತ್ತೆ ಬಾಗಿಲು ತಟ್ಟಿ, ಸ್ವಲ್ಪ ತಡೆದು, ತೆಗೆದಳು. ಹೊಗೆ ಇನ್ನೂ ಇತ್ತು. ಮುದ್ದೆ ಇಟ್ಟ ಹಾಗೇ ಇತ್ತು. ಸೀರೆಯ ಮಡಿಕೆ ಮುರಿದಿರಲಿಲ್ಲ. "ಬಂದಿದ್ಲು ಕಣೋ, ಎಲೆ ತುದಿ ಅಲ್ಲಾಡಿದೆ ನೋಡು" ಅಂದಳು. ಪ್ರತಿ ವರ್ಷ ಎಲ್ಲರ ಎಲೆ ನೋಡಿಯೂ ಅದನ್ನೇ ಹೇಳುತ್ತಾಳೆ.

ಎಲೆಯ ಪಕ್ಕ ನಾನು ಒಂದು ಲೋಟ ಕಾಫಿ ಇಟ್ಟಿದ್ದೆ. ಅದರ ಮೇಲೆ ಕೆನೆ ಕಟ್ಟಿತ್ತು. ನಿನಗೆ ಗೊತ್ತಲ್ಲ, ಅವಳಿಗೆ ನಾಲಿಗೆ ಸುಡುವ ಹಾಗಿರಬೇಕು. ಕೆನೆ ಕಟ್ಟಿದ್ದನ್ನು ಕೊಟ್ಟರೆ ಮಾತಾಡದೆ ಪಕ್ಕಕ್ಕೆ ಸರಿಸುತ್ತಿದ್ದಳು.

ಅತ್ತೆ ಊಟಕ್ಕೆ ಕರೆದಳು. ನಾನು ಲೋಟ ಎತ್ತಿಕೊಂಡು ಹೋಗಿ ಚೆಲ್ಲಿದೆ. ಹಾಲು ಕಾಯಿಸಿ, ಹೊಸ ಡಿಕಾಕ್ಷನ್ ಇಳಿಸಿ, ಹೊಗೆಯಾಡುವ ಹಾಗೇ ತಂದು ಎಲೆಯ ಹತ್ತಿರ ಇಟ್ಟೆ. "ಏನೋ ಇದು, ಎರಡ್ನೇ ಸಲ ಬಾಗ್ಲು ಹಾಕೋ ಪದ್ಧತಿ ಎಲ್ಲಿದೆ?" ಅಂದಳು. ಇಲ್ಲವೆಂದು ನನಗೂ ಗೊತ್ತು. ಅವಳ ಕೈ ಹಿಡಿದುಕೊಂಡು ಹೊರಗೆ ಬಂದು ಬಾಗಿಲು ಎಳೆದುಕೊಂಡೆ. ಇಬ್ಬರೂ ಮತ್ತೆ ಮೆಟ್ಟಿಲ ಮೇಲೆ ಕೂತೆವು. ನರಸಿಂಹಯ್ಯನವರು ಕೆಳಗಿನಿಂದ ತಲೆ ಎತ್ತಿ, ಇನ್ನೂ ಆಗ್ಲಿಲ್ವಾ ಓಬಳಪ್ಪನೋರೆ, ಅಂದರು.

ಇನ್ನೂ ಇಲ್ಲ ಅಂದೆ.

ಈ ಸಲ ಬೇಗ ತೆಗೆಯಲಿಲ್ಲ.

ಅಪ್ಪ